ಊಟದ ಮೇಜಿನ ಮೇಲೆ ಅಲೆಕ್ಸಾಂಡ್ರಿಯಾ

ಶಾಲೆಯ ಮಕ್ಕಳಿಗೆ ‘ಪ್ರಾಜೆಕ್ಟ್’ ಕೊಡುವ ಪದ್ಧತಿಯನ್ನು ಯಾರು ಕಂಡುಹಿಡಿದರೋ ನನಗೆ ಗೊತ್ತಿಲ್ಲ. ಅವರಿಗೆ ಮಕ್ಕಳಿರಲಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ನಾವು ಓದುತ್ತಿದ್ದಾಗ ಮೇಷ್ಟ್ರು ಮನೆಪಾಠ ಕೊಡುತ್ತಿದ್ದರು, ನಾವು ಮಾಡುತ್ತಿರಲಿಲ್ಲ, ಅವರು ಹೊಡೆಯುತ್ತಿದ್ದರು. ವ್ಯವಹಾರವೆಲ್ಲ ನಮ್ಮಿಬ್ಬರಲ್ಲೇ ಮುಗಿದು ಮನೆಯವರಿಗೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಈಗ ಹಾಗಲ್ಲ. ಪ್ರಾಜೆಕ್ಟನ್ನು ಟೀಚರು ಮಗುವಿಗೆ ಕೊಡುತ್ತಾರೆ, ಮಗು ಅದನ್ನು ತಾಯಿಗೆ ದಾಟಿಸುತ್ತದೆ, ತಾಯಿ “ನಿಮ್ಮಪ್ಪ ಬರಲಿ” ಎನ್ನುತ್ತಾಳೆ. ನಾನು ಕತಾರಿಗೆ ಬಂದದ್ದು ಹಡಗಿನ ಸರಕಿನ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳಲು. ಆದರೆ ದೋಹಾದಲ್ಲಿ ಕಳೆದ ವರ್ಷಗಳಲ್ಲಿ ನಾನು ಬಚ್ಚಲುಮನೆಯಲ್ಲಿ ಜ್ವಾಲಾಮುಖಿ ಎಬ್ಬಿಸಿದ್ದೇನೆ, ಬೆಂಕಿಕಡ್ಡಿಯಲ್ಲಿ ಕೆಂಪು ಕೋಟೆ ಕಟ್ಟಿದ್ದೇನೆ, ಸೌರವ್ಯೂಹ ಮಾಡಿದ ವರ್ಷ ಗುರುಗ್ರಹಕ್ಕೆಂದು ತೆಗೆದಿಟ್ಟಿದ್ದ ಮೂಸಂಬಿಯನ್ನು ತಿಳಿಯದೆ ಸುಲಿದು ತಿಂದು ಮನೆಮಂದಿಯಿಂದ ಬೈಸಿಕೊಂಡಿದ್ದೇನೆ. ಈ ಎಲ್ಲ ಅನುಭವವೂ ಅಲೆಕ್ಸಾಂಡ್ರಿಯಾದ ಮುಂದೆ ಏನೂ ಅಲ್ಲ.

ತೊಂಬತ್ತರ ದಶಕದ ನಡುಭಾಗದ ಮಾತು. ನಾವು ಆಗ ಅಲ್ ಸದ್ದ್‌ನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೆವು. ಚಳಿಗಾಲದ ಒಂದು ಮಧ್ಯಾಹ್ನ ನಾನು ಕಚೇರಿಯ ವಿರಾಮಕ್ಕೆ ಮನೆಗೆ ಬಂದು ಊಟಕ್ಕೆ ಕೂರುವ ಹೊತ್ತಿಗೆ, ಏಳನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು ಅನಘಾ ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ, “ಅಪ್ಪ, ನಂಗೆ ಅಲೆಕ್ಸಾಂಡ್ರಿಯಾ ಬಂತು” ಎಂದಳು. ಜ್ವರ ಬಂತು ಎನ್ನುವ ಧಾಟಿಯಲ್ಲಿ ಹೇಳಿದ್ದರಿಂದ ನಾನು ಹಣೆ ಮುಟ್ಟಿ ನೋಡಿದೆ. ವಿಚಾರಿಸಿದರೆ, ಅವರ ಸಮಾಜ ಪಾಠದ ಟೀಚರು ಮೆಡಿಟರೇನಿಯನ್ ಸಮುದ್ರದ ದಡದ ಹಳೆಯ ಬಂದರು ನಗರಗಳ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು ಎತ್ತಿಸಿದ್ದರಂತೆ. ಒಬ್ಬಳಿಗೆ ವೆನಿಸ್ ಬಂದಿತ್ತು, ಒಬ್ಬನಿಗೆ ಬಾರ್ಸಿಲೋನಾ. ನಮ್ಮ ಪಾಲಿಗೆ ಅಲೆಕ್ಸಾಂಡ್ರಿಯಾ. ಆ ಊರಿನಲ್ಲಿ ನೋಡಬೇಕಾದ ಐತಿಹಾಸಿಕ ಸ್ಥಳಗಳ ಮಾದರಿ ಮಾಡಿ ಶಾಲೆಯ ವಸ್ತುಪ್ರದರ್ಶನದಲ್ಲಿ ಇಡಬೇಕು, ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ವಿವರಿಸಬೇಕು.

ಗುಂಡಿ ಒತ್ತಿದರೆ ಪ್ರಪಂಚದ ವಿಷಯವೆಲ್ಲ ಕಣ್ಣ ಮುಂದೆ ಬೀಳುವ ಕಾಲ ಅದಲ್ಲ. ನಮ್ಮ ಮನೆಯಲ್ಲಿ ಮಕ್ಕಳ ವಿಶ್ವಕೋಶದ ಒಂದು ಕಟ್ಟು ಇತ್ತು. ನೆಂಟರು ಬಂದಾಗ ಕಾಣಲಿ ಎಂದು ಟಿ.ವಿ. ಪಕ್ಕದಲ್ಲಿ ಇಟ್ಟಿದ್ದೆವು. ಅನಘಾ ಮೊದಲ ಸಂಪುಟ ತೆಗೆದು ಓದಿದಳು. ಓದುತ್ತಾ ಹೋದ ಹಾಗೆ ಅವಳ ಮುಖ ಸಪ್ಪಗಾಯಿತು.

“ಅಪ್ಪ, ಇದು ಚೀಟಿಂಗ್. ಲೈಟ್‌ಹೌಸು ಬಿದ್ದೋಯ್ತು. ಲೈಬ್ರರಿ ಸುಟ್ಟೋಯ್ತು. ಅಲೆಕ್ಸಾಂಡರ್‌ದು ಗೋರಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಕ್ಲಿಯೋಪಾತ್ರಾದು ಪ್ಯಾಲೇಸ್ ಸಮುದ್ರದೊಳಗೆ. ಎಲ್ಲಾ ಗಾನ್. ಜನ ಅಲ್ಲಿಗೆ ಹೋಗಿ ಏನು ನೋಡ್ತಾರೆ?”

“ಇದ್ದ ಜಾಗ ನೋಡ್ತಾರೆ” ಎಂದೆ. ಉತ್ತರ ನನಗೇ ಸಮಾಧಾನ ಕೊಡಲಿಲ್ಲ.

ಥರ್ಮೋಕೋಲ್ ಕೇಳಲೆಂದು ಆ ಸಂಜೆ ದೋಹಾ ಅಲ್ ಜದೀದಾದಲ್ಲಿದ್ದ ಹಮೀದಣ್ಣನ ಅಂಗಡಿಗೆ ಹೋದೆ. ಹಮೀದಣ್ಣ ಉಳ್ಳಾಲದ ಕಡೆಯವರು. ನಾನು ಹುಟ್ಟುವ ಮೊದಲೇ ಅವರ ತಂದೆ ಹಾಯಿ ಹಡಗಿನಲ್ಲಿ ಈ ಕಡೆಗೆ ಬಂದವರಂತೆ. ಅಕ್ಕಿ ಬೇಳೆಯಿಂದ ಹಿಡಿದು ಫ್ರಿಜ್ಜಿನವರೆಗೆ ಅವರಲ್ಲಿ ಇಲ್ಲದ ಸಾಮಾನಿಲ್ಲ, ಅವರಿಗೆ ತಿಳಿಯದ ಮನೆಯ ಸುದ್ದಿಯಿಲ್ಲ. ನನ್ನ ಕಷ್ಟ ಕೇಳಿ ಅವರು, “ಅದಕ್ಕೆ ಎಂತ ಪುಸ್ತಕ ಹುಡುಕುದು ಮಾರಾಯ್ರೆ? ನಿಮ್ಮ ಕೆಳಗಿನ ಮನೆಯಲ್ಲಿ ಮಿಸ್ರಿ ಉಸ್ತಾದ್ ಇದ್ದಾರಲ್ಲ, ಅವರ ಊರೇ ಅದು. ಹೋಗಿ ಕೇಳಿ” ಎಂದರು.

ಮಿಸ್ರಿ ಎಂದರೆ ಈಜಿಪ್ಟಿನವರು, ಉಸ್ತಾದ್ ಎಂದರೆ ಮೇಷ್ಟ್ರು. ಪ್ರಪಂಚದಲ್ಲಿ ಅಷ್ಟು ಜನ ಈಜಿಪ್ಟಿನವರಿರುವಾಗ, ನಾವು ಮಾತು ಬಿಟ್ಟಿದ್ದ ಒಬ್ಬರೇ ಒಬ್ಬರು ಆ ಊರಿನವರಾಗಬೇಕೆ?

ಮಾತು ಬಿಟ್ಟದ್ದಕ್ಕೆ ಕಾರಣ ನಮ್ಮ ಗ್ರೈಂಡರು. ಮದುವೆಯಾದಾಗಿನಿಂದ ನನ್ನ ಹೆಂಡತಿ ವಸುಧಾ ಹಟ ಹಿಡಿದು ಕೇಳಿದ ವಸ್ತು ಅದೊಂದೇ. ಕಲ್ಲಿನದು. ಊರಿನಿಂದ ನಾನೇ ಹೊತ್ತು ತಂದದ್ದು, ಬೆನ್ನು ಈಗಲೂ ನೆನಪಿಸುತ್ತದೆ. ಶುಕ್ರವಾರ ರಜೆ, ಬೆಳಿಗ್ಗೆ ದೋಸೆ. ಆದ್ದರಿಂದ ಗುರುವಾರ ಮಧ್ಯಾಹ್ನ ರುಬ್ಬುವುದು. ನಮ್ಮ ಅಡಿಗೆಮನೆಯ ಕೆಳಗೆ ಸರಿಯಾಗಿ ಉಸ್ತಾದ್ ಫೌಜಿಯವರ ಮಲಗುವ ಕೋಣೆ. ಗಂಡುಮಕ್ಕಳ ಸರಕಾರಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ಅವರು ವಾರವಿಡೀ ಹುಡುಗರೊಂದಿಗೆ ಕೂಗಾಡಿ ಗುರುವಾರ ಮಧ್ಯಾಹ್ನ ಮಲಗಿದರೆ, ನೆತ್ತಿಯ ಮೇಲೆ ನಮ್ಮ ಕಲ್ಲು ತಿರುಗುತ್ತಿತ್ತು. ಮೊದಲು ಪೊರಕೆಯ ಹಿಡಿಯಿಂದ ಛಾವಣಿ ಕುಟ್ಟಿದರು. ವಸುಧಾ ಅದನ್ನು ಕಟ್ಟಡದಲ್ಲೇನೋ ರಿಪೇರಿ ಎಂದುಕೊಂಡಳು. ಆಮೇಲೆ ಒಂದು ದಿನ ಅವರೇ ಮೇಲೆ ಬಂದರು. ದೊಡ್ಡ ಆಳು, ಬೊಕ್ಕ ತಲೆ, ಪಟ್ಟೆ ಪೈಜಾಮ. “ಇಲ್ಲಿ ಕಾರ್ಖಾನೆ ಇದೆಯೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಹೆದರಿ, “ಇಲ್ಲ, ಉದ್ದಿನಬೇಳೆ” ಎಂದೆ. ಅದನ್ನು ಅವರು ಅಪಹಾಸ್ಯವೆಂದು ತಿಳಿದರು. ಅಂದಿನಿಂದ ಲಿಫ್ಟಿನಲ್ಲಿ ಸಿಕ್ಕರೂ ಇಬ್ಬರೂ ಮಹಡಿಯ ಅಂಕಿಗಳನ್ನೇ ನೋಡುತ್ತಾ ನಿಲ್ಲುತ್ತಿದ್ದೆವು.

“ಮಗಳ ಮಾರ್ಕ್ಸ್ ಮುಖ್ಯನೋ, ನಿಮ್ಮ ಮರ್ಯಾದೆ ಮುಖ್ಯನೋ?” ಎಂದಳು ವಸುಧಾ. ಇಂಥ ಪ್ರಶ್ನೆಗೆ ಮದುವೆಯಾದವರು ಉತ್ತರ ಕೊಡುವುದಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ತೆಳ್ಳಗೆ, ಹೊಂಬಣ್ಣಕ್ಕೆ ದೋಸೆ ಹೊಯ್ದು, ಚಟ್ನಿಯ ಜೊತೆ ತಟ್ಟೆಯಲ್ಲಿಟ್ಟು ಮುಚ್ಚಿ ನನ್ನ ಕೈಗೆ ಕೊಟ್ಟಳು. “ಶಬ್ದ ಯಾತಕ್ಕೆ ಅಂತ ಅವರಿಗೂ ಗೊತ್ತಾಗ್ಲಿ.”

ನಾನೂ ಅನಘಾಳೂ ಇಳಿದು ಹೋಗಿ ಬಾಗಿಲು ತಟ್ಟಿದೆವು. ಬಾಗಿಲು ತೆಗೆದವರು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿ, ಅನಘಾಳನ್ನು ನೋಡಿ ಸಡಿಲಿಸಿ, ತಟ್ಟೆಯ ಮುಚ್ಚಳ ತೆಗೆದು ನೋಡಿದರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ಚೂರು. ಆಮೇಲೆ ಬಾಗಿಲಲ್ಲಿ ನಿಂತೇ ಒಂದು ಇಡೀ ದೋಸೆ ಮುಗಿಸಿದರು.

“ಅಷ್ಟೆಲ್ಲ ಶಬ್ದ ಇದಕ್ಕೋ?” ಎಂದರು.

“ಇದಕ್ಕೇ” ಎಂದೆ.

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದು ನನ್ನನ್ನೇ ಗದರಿಸಿ ಒಳಗೆ ಕರೆದರು.

ಅನಘಾ ಅಲೆಕ್ಸಾಂಡ್ರಿಯಾ ಎಂದದ್ದೇ ತಡ, ಅವರು ಕುರ್ಚಿಯಿಂದ ಎದ್ದರು. “ಇಸ್ಕಂದರಿಯಾ” ಎಂದು ತಿದ್ದಿದರು. ತಮ್ಮ ಊರಿನ ಹೆಸರನ್ನು ಜನ ಹೇಳುವ ರೀತಿಯಲ್ಲೇ ಅವರಿಗೆ ಅದರ ಮೇಲೆ ಎಷ್ಟು ಪ್ರೀತಿಯಿದೆ ಎಂದು ತಿಳಿದುಬಿಡುತ್ತದೆ. ಹಣ್ಣಿನ ಚೂರನ್ನು ನಾಲಿಗೆಯ ಮೇಲೆ ಆಡಿಸಿದಂತೆ ಹೇಳಿದರು. “ನೋ ಬ್ರಾಬ್ಲಂ, ಯಾ ಬಿಂತಿ. ಈ ಬ್ರಾಜೆಕ್ಟ್ ನನ್ನದು.” ಬಿಂತಿ ಎಂದರೆ ಮಗಳೇ ಎಂದು. ಅವರ ಇಂಗ್ಲಿಷಿನಲ್ಲಿ ‘ಪ’ ಇರಲಿಲ್ಲ. ನನ್ನ ಇಂಗ್ಲಿಷಿನಲ್ಲಿ ‘ಎ’ ಬರಬೇಕಾದಲ್ಲೆಲ್ಲ ‘ಯೆ’ ಬರುತ್ತದೆ. ನಾನು ಅವರ ಬ್ರಾಬ್ಲಮ್ಮಿಗೆ ನಗಲಿಲ್ಲ, ಅವರು ನನ್ನ ಯೆಗ್ಗಿಗೆ ನಗಲಿಲ್ಲ. ಸ್ನೇಹಕ್ಕೆ ಇನ್ನೇನು ಬೇಕು? ನನ್ನನ್ನು ಅವರು ಆಗಿನಿಂದ ‘ಯಾ ಬಾಷ್‌ಮುಹಂದಿಸ್’, ಅಂದರೆ ಮುಖ್ಯ ಇಂಜಿನಿಯರೇ, ಎಂದು ಕರೆಯತೊಡಗಿದರು. ನಾನು ಇಂಜಿನಿಯರ್ ಅಲ್ಲವೆಂದು ಹೇಳಲು ಹೋಗಲಿಲ್ಲ. ಕರೆಯುವವರ ಬಾಯಿ, ಕೇಳುವ ನನ್ನ ಕಿವಿ, ಎರಡಕ್ಕೂ ಹಿತವಾಗಿತ್ತು.

ಮರುದಿನದಿಂದ ಉಸ್ತಾದರು ಪ್ರತಿ ಸಂಜೆ ನಮಾಜು ಮುಗಿಸಿ, ಅಡಿಕೋಲು, ಕೈವಾರ ಹಿಡಿದು ಮೇಲೆ ಬರತೊಡಗಿದರು. ಪ್ಲೈವುಡ್ ಹಲಗೆಯೊಂದನ್ನು ಊಟದ ಮೇಜಿನ ಮೇಲೆ ಹಾಸಿದ್ದರಿಂದ ನಾವು ಊಟಕ್ಕೆ ನೆಲಕ್ಕಿಳಿದೆವು. ಬಿಲ್ಲಿನಂತೆ ಬಾಗಿದ ಸಮುದ್ರದಂಡೆಯ ರಸ್ತೆಯನ್ನು ಅವರು ಕೈವಾರದಲ್ಲಿ ಒಂದೇ ಸಲಕ್ಕೆ ಎಳೆದರು. ವಸುಧಾಳ ಹಳೆಯ ನೀಲಿ ರವಿಕೆಯ ಬಟ್ಟೆ ಮೆಡಿಟರೇನಿಯನ್ ಆಯಿತು. ನಂತರ ಊರು ಏಳತೊಡಗಿತು. ನೀಲಿ ಬಣ್ಣದ ಟ್ರಾಮು ಬಂತು, ಅದರ ಹಳಿ ಬಂತು. ಮೀನು ಮಾರುಕಟ್ಟೆ ಬಂತು. ಅವರು ಓದಿದ ಹೈಸ್ಕೂಲು, ಅದರ ಎದುರಿನ ಐಸ್‌ಕ್ರೀಮ್ ಅಂಗಡಿ, ಅವರ ಸೋದರತ್ತೆ ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟು ತರಕಾರಿ ಕೊಳ್ಳುತ್ತಿದ್ದ ನಾಲ್ಕನೆಯ ಮಹಡಿಯ ಬಾಲ್ಕನಿ, ಎಲ್ಲವೂ ಬಂದವು. ಬೆಂಕಿಪೊಟ್ಟಣದ ಆ ಬಾಲ್ಕನಿಯಿಂದ ನಿಜವಾಗಿಯೂ ಒಂದು ದಾರ ಇಳಿದು, ಅದರ ತುದಿಗೆ ಗುಂಡುಸೂಜಿಯಷ್ಟು ಬುಟ್ಟಿ ತೂಗುತ್ತಿತ್ತು. ನೋಡಲು ಬಹಳ ಚೆನ್ನಾಗಿತ್ತು. ಬಾರದೆ ಉಳಿದದ್ದು ಐತಿಹಾಸಿಕ ಸ್ಥಳ ಒಂದೇ.

ನಾನು ಮೆಲ್ಲಗೆ ನೆನಪಿಸಿದಾಗಲೆಲ್ಲ ಅವರು “ಬುಕ್ರಾ” ಎನ್ನುತ್ತಿದ್ದರು, ನಾಳೆ ಎಂದು. ಒಂದು ಸಂಜೆ ಬಹಳ ಒತ್ತಾಯದ ಮೇಲೆ, “ಆಯಿತು, ಬಾಂಬೇಸ್ ಬಿಲ್ಲರ್ ಇಡೋಣ” ಎಂದರು. ಬೊಂಬಾಯಿಯ ಬಿಲ್ಲುಗಾರನಿಗೂ ಆ ಊರಿಗೂ ಏನು ಸಂಬಂಧವೆಂದು ನಾನು ಬಹಳ ಹೊತ್ತು ಯೋಚಿಸಿದೆ. ಪಾಂಪೇಸ್ ಪಿಲ್ಲರ್, ಪಾಂಪೆಯ ಸ್ತಂಭ ಎಂದು ಅನಘಾ ಬಿಡಿಸಿ ಹೇಳಿದ ಮೇಲೆ, ಎತ್ತರದ ಒಂಟಿ ಕಂಬಕ್ಕೆ ಹೊಂದುವ ವಸ್ತುವಿಗಾಗಿ ಮನೆಯೆಲ್ಲ ಹುಡುಕಿ ವಸುಧಾಳ ಲಟ್ಟಣಿಗೆಯನ್ನು ತಂದು ನೆಟ್ಟೆವು. ಪ್ರದರ್ಶನ ಮುಗಿಯುವ ತನಕ ನಮ್ಮ ಮನೆಯಲ್ಲಿ ಚಪಾತಿ ಆಗಲಿಲ್ಲ.

ಹಾಗೆ ಬಂದ ಮೊದಲ ಐತಿಹಾಸಿಕ ಸ್ಥಳದಿಂದ ಧೈರ್ಯಗೊಂಡ ಅನಘಾ, “ಅಂಕಲ್, ನೆಲದ ಕೆಳಗೆ ಹಳೆ ಕಾಲದ ಸಮಾಧಿಗಳು ಇದಾವೆ ಅಂತ ಟೀಚರ್ ಹೇಳಿದ್ರು, ಅದಕ್ಕೆ ಎಷ್ಟು ಮೆಟ್ಟಿಲು ಇಳೀಬೇಕು?” ಎಂದು ಕೇಳಿದಳು. ಆ ಸಮಾಧಿಗಳಿಗೆಂದು ನಾವು ಚಪ್ಪಲಿಯ ಡಬ್ಬಿಯೊಂದನ್ನು ಹಲಗೆಯ ಅಂಚಿನ ಕೆಳಗೆ ಅಂಟಿಸಿ ಇಟ್ಟಿದ್ದೆವು.

ಉಸ್ತಾದರು ಅಂಟಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. “ನನಗೆ ಗೊತ್ತಿಲ್ಲ” ಎಂದರು. “ನಾನು ಹೋಗಿಲ್ಲ.”

“ಸಮುದ್ರದ ದಡದಲ್ಲಿ ಕೋಟೆ ಇದೆಯಂತಲ್ಲ, ಅದರೊಳಗೆ ಏನಿದೆ?”

“ಕಲ್ಲು ಇರಬೇಕು. ಹೊರಗಿನಿಂದ ನೋಡಿದ್ದೇನೆ. ಅಲ್ಲಿ ಮೀನು ಹಿಡಿಯುತ್ತಿದ್ದೆವು.”

ವಸುಧಾ ಅಡಿಗೆಮನೆಯಿಂದ ಬಗ್ಗಿ ನನ್ನನ್ನು ನೋಡಿದಳು. ನಾನು ಶ್ರೀರಂಗಪಟ್ಟಣದವನು. ಪರದೇಶದವರು ವಿಮಾನ ಹತ್ತಿ ಬಂದು ನೋಡುವ ನೆಲಮಾಳಿಗೆಯ ಸೆರೆಮನೆ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಬಾವಲಿ ಇದೆ ಎಂದು ಅಮ್ಮ ಹೇಳಿದ್ದರಿಂದ ನಾನು ಒಳಗೆ ಹೋಗಿಲ್ಲ. ದರಿಯಾ ದೌಲತ್ತಿಗೆ ಶಾಲೆಯವರು ಸಾಲು ಮಾಡಿಸಿ ಕರೆದೊಯ್ದಿದ್ದರು. ಗೋಡೆಯ ಚಿತ್ರ ಯಾವುದೂ ನೆನಪಿಲ್ಲ, ಹೊರಗೆ ಕೂತು ತಿಂದ ಪುಳಿಯೋಗರೆ ನೆನಪಿದೆ. ಹುಟ್ಟಿದ ಊರನ್ನು ನೋಡಲು ಯಾರಿಗೆ ಪುರಸೊತ್ತಿರುತ್ತದೆ? ಉಸ್ತಾದರು ನಗಲಿ ಎಂದು ನಾನು ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ.

“ನನ್ನ ಮಗಳು ಹೋಗುತ್ತಾಳೆ” ಎಂದರು. “ಹನಾ. ದಿನಾ ಹೋಗುತ್ತಾಳೆ. ಪ್ರವಾಸಿಗಳಿಗೆ ತೋರಿಸುವುದೇ ಅವಳ ಕೆಲಸ.”

ಹೆಂಡತಿ ಮಗಳು ಊರಿನಲ್ಲೇ ಇದ್ದಾರೆ, ಉಸ್ತಾದರು ಬೇಸಿಗೆ ರಜೆಯಲ್ಲಿ ಮಾತ್ರ ಹೋಗಿ ಬರುತ್ತಾರೆ ಎಂದು ನಮಗೆ ಆಗ ತಿಳಿಯಿತು. ಮಗಳು ಔಷಧಿ ಶಾಸ್ತ್ರ ಓದಲಿ ಎಂಬುದು ಇವರ ಆಸೆ. ಅವಳು ಇತಿಹಾಸ ಓದಿ ಗೈಡ್ ಆದಳು. ಇವರು ಬೇಡವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ಪ್ರತಿ ಬೇಸಿಗೆಯಲ್ಲೂ ಅವಳು “ಬಾಬಾ, ನನ್ನ ಜೊತೆ ಒಂದು ದಿನ ಬನ್ನಿ, ಊರು ತೋರಿಸುತ್ತೇನೆ” ಎನ್ನುತ್ತಿದ್ದಳಂತೆ. ನನ್ನ ಊರನ್ನು ನನಗೆ ಇವಳು ತೋರಿಸುವುದೇನು ಎಂದು ಇವರು ಬುಕ್ರಾ ಎನ್ನುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವಳಿಗೆ ಮೊದಲ ಬಾರಿಗೆ ಸ್ವತಂತ್ರವಾಗಿ ಒಂದು ಪ್ರವಾಸಿ ತಂಡ ಕೊಟ್ಟಿದ್ದರು. ಜನರ ನಡುವೆ ಒಂದು ಪರಿಚಿತ ಮುಖ ಇದ್ದರೆ ಧೈರ್ಯವಾಗುತ್ತದೆ ಎಂದು ತಂದೆಯನ್ನು ಬರಹೇಳಿದ್ದಳು. ಇವರು ಬರುತ್ತೇನೆಂದು ಮಾತು ಕೊಟ್ಟಿದ್ದರು. ಆ ಬೆಳಿಗ್ಗೆ ನೀರಿನ ಟ್ಯಾಂಕ್ ರಿಪೇರಿಯವನು ಬಂದ. “ಟ್ಯಾಂಕ್ ಬಹಳ ಸೋರುತ್ತಿತ್ತು” ಎಂದರು ಉಸ್ತಾದರು, ನಮ್ಮಿಂದ ತೀರ್ಪು ಕೇಳುವವರ ಹಾಗೆ. ಆಮೇಲೆ ಅವಳು ಕರೆಯುವುದನ್ನು ಬಿಟ್ಟಳು. ಶುಕ್ರವಾರದ ಫೋನಿನಲ್ಲಿ “ಹೇಗಿದ್ದೀರಿ ಬಾಬಾ” ಎಂದು ಕೇಳಿ, ಇವರು ಚೆನ್ನಾಗಿದ್ದೇನೆ ಎನ್ನುವಷ್ಟರಲ್ಲಿ ರಿಸೀವರನ್ನು ತಾಯಿಗೆ ಕೊಡುತ್ತಾಳೆ.

ವಸುಧಾ ತನ್ನ ಇಂಗ್ಲಿಷಿನಲ್ಲಿ, “ಅವಳಿಗೇ ಫೋನ್ ಮಾಡಿ ಕೇಳಿ” ಎಂದಳು.

“ಏನಂತ ಕೇಳಲಿ?”

“ಮೆಟ್ಟಿಲು ಎಷ್ಟು ಅಂತ ಕೇಳಿ. ಬೇರೆ ಏನೂ ಕೇಳಬೇಡಿ.”

ಅವರು ಎರಡು ದಿನ ಮೇಲೆ ಬರಲಿಲ್ಲ. ಟ್ರಾಮು ಹಳಿಯ ಮೇಲೆ ನಿಂತಲ್ಲೇ ನಿಂತಿತ್ತು. ಅನಘಾ ದಿನಕ್ಕೆರಡು ಸಲ ಕೆಳಗಿನ ಬಾಗಿಲವರೆಗೆ ಹೋಗಿ ಬಂದಳು. ಮೂರನೆಯ ಸಂಜೆ ಹಮೀದಣ್ಣ ಇನ್ನಷ್ಟು ಥರ್ಮೋಕೋಲ್ ಕೊಡಲು ಬಂದು ಚಹಾ ಕುಡಿಯುತ್ತಾ ಕೂತಿದ್ದಾಗ ಉಸ್ತಾದರು ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಫೋನಿನಲ್ಲಿ ಅಂಗಿ ಕಾಣುತ್ತದೆ ಎಂಬಂತೆ. ನಮ್ಮ ಫೋನಿಗೆ ಎಲ್ಲರಿಗೂ ಕೇಳಿಸುವಂಥ ಸ್ಪೀಕರ್ ಇತ್ತು. ಅವರು ತಾವೇ ಸಂಖ್ಯೆ ಒತ್ತಿ, ಆ ಕಡೆ ಹುಡುಗಿಯ ದನಿ “ಆಲೋ” ಎಂದ ತಕ್ಷಣ ಬೆಚ್ಚಿದವರಂತೆ ಅನಘಾಳ ಕಡೆ ಕೈ ತೋರಿಸಿದರು.

ಅನಘಾ ತನ್ನ ಹೆಸರು, ಶಾಲೆ, ಪ್ರಾಜೆಕ್ಟು, ಮೇಜು, ಲಟ್ಟಣಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಬಳಿಕ ಹನಾ ಅರಬಿಯಲ್ಲಿ ಏನೋ ಕೇಳಿದಳು. ಹಮೀದಣ್ಣ ನನ್ನ ಕಿವಿಯಲ್ಲಿ, “ಅಪ್ಪ ಅಲ್ಲೇ ಇದ್ದಾರಾ ಅಂತ ಕೇಳುದು” ಎಂದರು. ಉಸ್ತಾದರು ಹೌದೆಂದು ಗೋಣು ಹಾಕಿದರು. ಫೋನಿಗೆ ಗೋಣು ಕಾಣುವುದಿಲ್ಲವೆಂದು ಯಾರೂ ಹೇಳಲಿಲ್ಲ. ಅನಘಾಳೇ “ಯೆಸ್, ಹಿಯರ್ ಓನ್ಲಿ” ಎಂದಳು.

“ಸರಿ ಅನಘಾ, ಕಣ್ಣು ಮುಚ್ಚಿಕೋ” ಎಂದಿತು ಆ ದನಿ, ಈಗ ಸ್ಪಷ್ಟವಾದ ಇಂಗ್ಲಿಷಿನಲ್ಲಿ. “ನಾವು ಕೋಟೆಯ ಬಾಗಿಲಲ್ಲಿದ್ದೇವೆ. ಇಲ್ಲಿ ಯಾವಾಗಲೂ ಗಾಳಿ ಜೋರು. ಟೋಪಿ ಇದ್ದರೆ ಹಿಡಿದುಕೋ.”

ಎಲ್ಲರೂ ಕಣ್ಣು ಮುಚ್ಚಿದೆವು. ನಾನು ನಡುವೆ ಒಮ್ಮೆ ಕದ್ದು ತೆರೆದು ನೋಡಿದೆ. ಉಸ್ತಾದ್ ಫೌಜಿ ಕಣ್ಣು ಮುಚ್ಚಿಕೊಂಡು, ಒಂದು ಕೈಯನ್ನು ತಮ್ಮ ಬೊಕ್ಕ ತಲೆಯ ಮೇಲೆ ಒತ್ತಿ ಹಿಡಿದು ಕೂತಿದ್ದರು.

ದೀಪಸ್ತಂಭ ಭೂಕಂಪದಲ್ಲಿ ಬಿದ್ದಿತು ನಿಜ, ಆದರೆ ಅದರ ಕಲ್ಲುಗಳನ್ನೇ ಎತ್ತಿ ಈ ಕೋಟೆಗೆ ಬಳಸಿದರು, ಕೈ ಚಾಚಿದರೆ ಅದನ್ನೇ ಮುಟ್ಟುತ್ತಿದ್ದೀ ಎಂದಳು ಹನಾ. “ಹಾಗಾದ್ರೆ ಗಾನ್ ಅಲ್ಲ” ಎಂದು ಅನಘಾ ನನಗೆ ಹೇಳಿದಳು. ಪಾಂಪೆಯ ಸ್ತಂಭ ಪಾಂಪೆಯದಲ್ಲ, ಬೇರೆ ಚಕ್ರವರ್ತಿಯದು, ಯಾರೋ ತಪ್ಪು ತಿಳಿದು ಇಟ್ಟ ಹೆಸರು ಹಾಗೇ ಉಳಿಯಿತು ಎಂದಳು. ಬಾಷ್‌ಮುಹಂದಿಸ್ ಆದ ನನಗೆ ಇದು ಸಹಜವೆನ್ನಿಸಿತು. ನೆಲದಡಿಯ ಸಮಾಧಿಗಳನ್ನು ಪತ್ತೆ ಮಾಡಿದ್ದು ಒಂದು ಕತ್ತೆಯಂತೆ. ನಡೆಯುತ್ತಾ ನಡೆಯುತ್ತಾ ನೆಲ ಕುಸಿದು ಒಳಗೆ ಬಿತ್ತು ಎನ್ನುತ್ತಾರೆ. ಹಿಂದಿನವರು ಸತ್ತವರನ್ನು ನೋಡಲು ಹೋಗುವಾಗ ಊಟ ಕಟ್ಟಿಕೊಂಡು ಹೋಗಿ ಅಲ್ಲೇ ಕೂತು ಉಣ್ಣುತ್ತಿದ್ದರು, ಆ ಮಣ್ಣಿನ ಪಾತ್ರೆಗಳನ್ನು ಮನೆಗೆ ತರಬಾರದೆಂದು ಅಲ್ಲೇ ಒಡೆಯುತ್ತಿದ್ದರು. ಆ ದಿಬ್ಬದ ಹೆಸರೇ ಬೋಕಿಬಿಲ್ಲೆಗಳ ದಿಬ್ಬ. ಅವಳು ಹೇಳುವಾಗ ನಮ್ಮ ಫ್ರಿಜ್ಜಿನ ಸದ್ದೂ ಕೇಳಿಸುತ್ತಿರಲಿಲ್ಲ. ವಸುಧಾ ಒಲೆ ಆರಿಸಿ ಬಂದು ನಿಂತಿದ್ದಳು. ಹಮೀದಣ್ಣನ ಚಹಾ ತಣ್ಣಗಾಗಿತ್ತು.

“ಎಷ್ಟು ಮೆಟ್ಟಿಲು?” ಎಂದಳು ಅನಘಾ.

“ಅದನ್ನು ನಾನು ಹೇಳುವುದಿಲ್ಲ” ಎಂದಳು ಹನಾ. “ನಮ್ಮ ಮನೆಯಲ್ಲಿ ಲೆಕ್ಕದ ಮೇಷ್ಟ್ರು ಒಬ್ಬರಿದ್ದಾರೆ. ಅವರೇ ಬಂದು ಎಣಿಸಲಿ.”

ಉಸ್ತಾದರು ಕಣ್ಣು ಬಿಟ್ಟರು. ನಾವೆಲ್ಲ ನಮ್ಮ ನಮ್ಮ ಕಾಲ್ಬೆರಳು ನೋಡಿಕೊಂಡೆವು. ಹನಾ ತಡಮಾಡದೆ ಮುಂದಿನ ಸ್ಥಳಕ್ಕೆ ಹೋದಳು. ರೋಮನ್ನರ ಕಾಲದ ಬಯಲು ರಂಗಮಂದಿರ. ಅಮೃತಶಿಲೆಯ ಮೆಟ್ಟಿಲು ಸಾಲುಗಳು. ಊರಿನ ನಡುವೆ ಒಂದು ದೊಡ್ಡ ಮಣ್ಣಿನ ದಿಬ್ಬವಿತ್ತು, ಅದನ್ನು ಅಗೆಯುವವರೆಗೂ ಅಡಿಯಲ್ಲಿ ಇಂಥದ್ದು ಇದೆಯೆಂದು ಯಾರಿಗೂ ತಿಳಿದಿರಲಿಲ್ಲ ಎಂದಳು.

ಆಗ ಉಸ್ತಾದರು ಫೋನಿನ ಕಡೆಗೆ ಬಗ್ಗಿ, ಮೊದಲ ಬಾರಿಗೆ ಬಾಯಿಬಿಟ್ಟರು. ಅರಬಿಯಲ್ಲಿ, ಬಹಳ ಮೆಲ್ಲಗೆ. ಹಮೀದಣ್ಣ ಅಷ್ಟೇ ಮೆಲ್ಲಗೆ ನನಗೆ ಹೇಳುತ್ತಾ ಹೋದರು. “ಆ ಗುಡ್ಡೆ ಮೇಲೆ ನಾವು ಫುಟ್‌ಬಾಲ್ ಆಡ್ತಿದ್ದದ್ದು ಅಂತ ಹೇಳುದು. ಚೆಂಡು ಉರುಳಿ ಹೋಗಿ ಒಂದು ಗುಂಡಿಗೆ ಬೀಳ್ತಿತ್ತಂತೆ. ಕೈ ಹಾಕಿ ತೆಗೆಯುವಾಗ ಒಳಗೆ ತಣ್ಣಗೆ, ನುಣ್ಣಗೆ ಒಂದು ಕಲ್ಲು ತಾಗ್ತಿತ್ತಂತೆ. ಅದು ಎಂತ ಅಂತ ಆಗ ಗೊತ್ತಿರಲಿಲ್ಲ ಅಂತ.”

ಆ ಕಡೆಯಿಂದ ಎಷ್ಟೋ ಹೊತ್ತು ಉತ್ತರವಿಲ್ಲ. ಲೈನು ಕಡಿಯಿತೆಂದು ನಾನು ಗುಂಡಿ ಒತ್ತಲು ಹೋದೆ. ವಸುಧಾ ನನ್ನ ಕೈ ಹಿಡಿದಳು. ಆಮೇಲೆ ಹನಾ ಏನೋ ಅಂದಳು. ಹಮೀದಣ್ಣ ಕನ್ನಡಕ ತೆಗೆದು ಒರೆಸಿಕೊಂಡು, “ಇದನ್ನು ನನಗೆ ಯಾಕೆ ಹೇಳಲಿಲ್ಲ ಬಾಬಾ, ನಾನು ದಿನಾ ಅದೇ ಜಾಗದಲ್ಲಿ ನಿಂತು ಮಾತಾಡುದಲ್ವಾ, ಅಂತ” ಎಂದರು. ಅಲ್ಲಿಂದ ಮುಂದಿನದನ್ನು ಅವರು ಅನುವಾದ ಮಾಡಲಿಲ್ಲ. “ಅದು ಅವರವರದ್ದು ಮಾರಾಯ್ರೆ” ಎಂದು ನಮ್ಮನ್ನೆಲ್ಲ ಅಡಿಗೆಮನೆಗೆ ಎಬ್ಬಿಸಿಕೊಂಡು ಹೋದರು. ಹಜಾರದಲ್ಲಿ ಉಸ್ತಾದರ ದನಿ ಬಹಳ ಹೊತ್ತು ಕೇಳುತ್ತಿತ್ತು. ಒಮ್ಮೆ ನಕ್ಕದ್ದೂ ಕೇಳಿಸಿತು.

ಪ್ರದರ್ಶನದ ದಿನ ಹಲಗೆ ಲಿಫ್ಟಿನಲ್ಲಿ ಹಿಡಿಸದೆ, ಮೆಟ್ಟಿಲಿನಲ್ಲಿ ಇಳಿಸಿ ಹಮೀದಣ್ಣನ ಪಿಕಪ್ಪಿನಲ್ಲಿ ಸಾಗಿಸಿದೆವು. ಒಂದು ರೌಂಡಬೌಟಿನಲ್ಲಿ ಅವರು ಸ್ವಲ್ಪ ಜೋರಾಗಿ ತಿರುಗಿಸಿದ್ದರಿಂದ ಪಾಂಪೆಯ ಸ್ತಂಭ ಉರುಳಿ ಐಸ್‌ಕ್ರೀಮ್ ಅಂಗಡಿ ನೆಲಸಮವಾಯಿತು. “ಅಲ್ಲಿ ಭೂಕಂಪ ಆಗ್ತಿತ್ತಂತಲ್ಲ” ಎಂದರು ಹಮೀದಣ್ಣ. ಬಹುಮಾನ ಬಂದದ್ದು ವೆನಿಸ್ಸಿಗೆ. ಅದರ ಕಾಲುವೆಯಲ್ಲಿ ನಿಜವಾದ ನೀರು ಹರಿಯುತ್ತಿತ್ತು, ಮಾಡಿದ ಹುಡುಗಿಯ ತಂದೆ ನೀರಿನ ಪೈಪುಗಳ ಇಂಜಿನಿಯರು, ನಿಜವಾದ ಮುಹಂದಿಸ್. ನಮ್ಮ ಮುಂದೆಯೂ ಜನ ಸೇರಿದ್ದರು. ಅನಘಾ ಕತ್ತೆಯ ಕಥೆ ಹೇಳುವಾಗ ಹನಾಳ ದನಿಯನ್ನೇ ತೆಗೆಯುತ್ತಿದ್ದಳು, “ಟೋಪಿ ಹಿಡಿದುಕೊಳ್ಳಿ” ಎಂಬಲ್ಲಿ ಸಣ್ಣ ಮಕ್ಕಳು ತಲೆ ಹಿಡಿದುಕೊಳ್ಳುತ್ತಿದ್ದರು. ಟೀಚರು ಬಂದು, ಬಾಲ್ಕನಿಯಿಂದ ತೂಗುವ ಬುಟ್ಟಿ ಐತಿಹಾಸಿಕ ಹೇಗಾಗುತ್ತದೆ ಎಂದು ಕೇಳಿದರು. ಕೋಟು ಟೈ ಹಾಕಿಕೊಂಡು ಬಂದಿದ್ದ ಉಸ್ತಾದರು, “ಮೇಡಂ, ಅತ್ತೆ ತೀರಿಕೊಂಡರು, ಮನೆ ಕೆಡವಿದರು. ಆದ್ದರಿಂದ ಈಗ ಅದು ಐತಿಹಾಸಿಕ” ಎಂದರು. ಟೀಚರು ಬಗ್ಗಿ ಬುಟ್ಟಿಯನ್ನು ಬೆರಳ ತುದಿಯಿಂದ ತೂಗಿ, ಮುಂದಕ್ಕೆ ಹೋದರು.

ಬೇಸಿಗೆ ಬಂತು, ಉಸ್ತಾದರು ಊರಿಗೆ ಹೋದರು, ನಾವೂ ಹೋದೆವು. ಸೆಪ್ಟೆಂಬರಿನಲ್ಲಿ ಅವರು ಹಿಂತಿರುಗಿ ನಮ್ಮ ಬಾಗಿಲಲ್ಲಿ ನಿಂತಾಗ ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು, ಕೈಯಲ್ಲಿ ಬಸ್ಬೂಸಾ ಎಂಬ ರವೆಯ ಸಿಹಿಯ ಡಬ್ಬಿಯಿತ್ತು. ಸೋಫಾದಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಾ ಎಲ್ಲವನ್ನೂ ಹೇಳಿದರು. ಹನಾ ಅವರಿಗೆ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲವಂತೆ. ಬಿಸಿಲಲ್ಲಿ ಜರ್ಮನಿಯವರ ತಂಡದ ಹಿಂದೆ ನಿಲ್ಲಿಸಿ ಊರೆಲ್ಲ ನಡೆಸಿದಳು. ನಡುವೆ ಬಾಯಿ ಹಾಕಿದಾಗ, “ಹಿಂದಿನವರು ದಯವಿಟ್ಟು ಸುಮ್ಮನಿರಬೇಕು” ಎಂದು ಗದರಿಸಿದಳು. ಸಮಾಧಿಯ ಮೆಟ್ಟಿಲುಗಳನ್ನು ಇವರು ಎಣಿಸಿದರು, ಅವಳು ಹೇಳುವ ಸಂಖ್ಯೆಗೂ ಇವರ ಸಂಖ್ಯೆಗೂ ಒಂದರ ವ್ಯತ್ಯಾಸ ಬಂದು ಇಬ್ಬರೂ ಮತ್ತೊಮ್ಮೆ ಇಳಿದು ಹತ್ತಿದರು. ಕೊನೆಯಲ್ಲಿ ರಂಗಮಂದಿರಕ್ಕೆ ಬಂದಾಗ ಅವಳೇ ತಂದೆಯನ್ನು ಮುಂದಕ್ಕೆ ಕರೆದು, “ಇವರು ಈ ಜಾಗದ ಮೇಲೆ ಫುಟ್‌ಬಾಲ್ ಆಡಿದವರು” ಎಂದು ಜರ್ಮನಿಯವರಿಗೆ ಪರಿಚಯ ಮಾಡಿದಳು. ಅವರು ಇವರ ಫೋಟೋ ತೆಗೆದುಕೊಂಡರು. “ಈಗ ನಾನೂ ಒಂದು ಐತಿಹಾಸಿಕ ಸ್ಥಳ” ಎಂದು ಉಸ್ತಾದರು ಎದೆ ತಟ್ಟಿಕೊಂಡರು. ಮರುಕ್ಷಣ ದನಿ ಇಳಿಸಿ, “ಅವಳು ಎಷ್ಟು ಚೆನ್ನಾಗಿ ಮಾತಾಡುತ್ತಾಳೆ, ಯಾ ಬಾಷ್‌ಮುಹಂದಿಸ್. ನನಗೆ ಗೊತ್ತೇ ಇರಲಿಲ್ಲ” ಎಂದರು.

ನನಗೆ ಅವರ ಮೇಲೆ ಮರುಕವಾಯಿತು. ದೂರದಲ್ಲಿದ್ದು ದುಡಿಯುವ ತಂದೆಯ ಕಷ್ಟ ಎಂಥದ್ದು ಎಂದು ನಾಲ್ಕು ಸಮಾಧಾನದ ಮಾತು ಹೇಳಿದೆ. ಹೇಳುತ್ತಾ ಹೇಳುತ್ತಾ ಸ್ವಲ್ಪ ಹುರುಪು ಹೆಚ್ಚಾಗಿ, ಆ ಮಟ್ಟಿಗೆ ನಾನು ಪುಣ್ಯವಂತ, ಸಂಸಾರ ಜೊತೆಯಲ್ಲೇ ಇದೆ, ಮಗಳ ಓದು ಬರಹವೆಲ್ಲ ನನ್ನ ಕಣ್ಣ ಮುಂದೆಯೇ ನಡೆಯುತ್ತದೆ, ಅವಳ ವಿಷಯ ನನಗೆ ತಿಳಿಯದ್ದು ಯಾವುದೂ ಇಲ್ಲ ಎಂದೂ ಹೇಳಿದೆ.

“ಅಲ್‌ಹಂದುಲಿಲ್ಲಾ” ಎಂದು ಉಸ್ತಾದರು ಮನಸಾರೆ ದೇವರನ್ನು ನೆನೆದರು. “ಅನಘಾ ಈಗ ಯಾವ ತರಗತಿ?”

“ಏಳನೆಯದು” ಎಂದೆ.

ಒಳಕೋಣೆಯಿಂದ ತಾಳ್ಮೆಯ ದನಿಯೊಂದು ಬಂತು. “ಏಯ್ತ್, ಅಪ್ಪ. ಏಪ್ರಿಲ್‌ನಿಂದ.”

ವಸುಧಾ ತಲೆ ತಗ್ಗಿಸಿ ಚಹಾ ಬಗ್ಗಿಸುತ್ತಲೇ ಇದ್ದಳು. ಉಸ್ತಾದರು ಡಬ್ಬಿಯಿಂದ ದೊಡ್ಡದೊಂದು ಚೂರು ಬಸ್ಬೂಸಾ ಆರಿಸಿ ನನ್ನ ತಟ್ಟೆಗೆ ಹಾಕಿ, ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿದ ಹುಡುಗನ ಬೆನ್ನು ತಟ್ಟುವ ಹಾಗೆ ನನ್ನ ಬೆನ್ನು ತಟ್ಟಿದರು.